ಪಂಚಾಯಿತಿಗೆ ಫೈಬರ್ ಬಂದಿದೆ, ನಮ್ಮ ಮನೆಗೆ ಯಾಕಿಲ್ಲ?

ಮತ್ತೆ ಅದೇ ಪ್ರಶ್ನೆ. ಉತ್ತರ ಚಿಕ್ಕದು: ಹಳ್ಳಿಗಳಿಗೆ ಫೈಬರ್ ಕೇಬಲ್ ಮೂಲಕ ಇಂಟರ್‌ನೆಟ್ ತರುವ ಕೇಂದ್ರದ ಭಾರತ್‌ನೆಟ್ ಮನೆ ಮನೆಗೆ ಅಂತ ಶುರುವಾದ ಯೋಜನೆಯೇ ಅಲ್ಲ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳವರೆಗೆ ಕೇಬಲ್ ಎಳೆಯುವುದಕ್ಕೆ. ಮುಂದಿನದನ್ನು ಕೇಬಲ್ ಆಪರೇಟರ್‌ಗಳು, ಟೆಲಿಕಾಂ ಕಂಪನಿಗಳು ನೋಡಿಕೊಳ್ಳುತ್ತವೆ ಅಂತ ಬಿಟ್ಟರು. ಹೆಚ್ಚಿನ ಕಡೆ ಯಾರೂ ಬರಲಿಲ್ಲ.

ಆದರೂ ಒಂದು ನಂಬಿಕೆ ಹೋಗುತ್ತಲೇ ಇಲ್ಲ. ‘ನಮ್ಮ ಪಂಚಾಯಿತಿ ಸರ್ವಿಸ್ ರೆಡಿ ಅಂತ ಸರ್ಕಾರದ ಪಟ್ಟಿಯಲ್ಲಿದೆ. ಅಂದ್ರೆ ಇಂಟರ್‌ನೆಟ್ ಇದೆ, ಸುಮ್ನೆ ಕೊಡ್ತಿಲ್ಲ ಅಷ್ಟೆ.’ ದಯವಿಟ್ಟು ಇದನ್ನು ಬಿಡಿ. ಸರ್ವಿಸ್ ರೆಡಿ ಅಂದರೆ ಕೇಬಲ್ ಕಚೇರಿ ಮುಟ್ಟಿದೆ, ಇಂಟರ್‌ನೆಟ್ ಕೊಡುವ ಯಂತ್ರದ ಡಬ್ಬಿ ಕೂರಿಸಿದ್ದಾರೆ, ಪರೀಕ್ಷೆ ಮಾಡಿದ್ದಾರೆ ಅಂತ. ಇವತ್ತು ನಡೆಯುತ್ತಿದೆ ಅಂತಲ್ಲ. ಕರೆಂಟ್ ಹೋಗಿ ಬ್ಯಾಟರಿ ಸತ್ತರೆ ಡಬ್ಬಿಯ ದೀಪ ಆರುತ್ತದೆ. ರಸ್ತೆ ಅಗಲ ಮಾಡಲು ಬಂದ ಜೆಸಿಬಿ ಕೇಬಲ್ ಕಿತ್ತರೆ ಆ ಸಾಲಿನಲ್ಲಿ ಮುಂದಿರುವ ಪಂಚಾಯಿತಿಗಳೂ ಬಂದ್. ಹಣ, ಸಮಯ ಉಳಿಸಲು ಎಷ್ಟೋ ದೂರ ಬಿಎಸ್‌ಎನ್‌ಎಲ್‌ನ ಹಳೇ ಕೇಬಲ್ಲನ್ನೇ ಬಳಸಿದ್ದರು. ಒಂದು ಕಡೆ ಕಡಿದರೆ ಸಂಪರ್ಕ ಸುತ್ತಿ ಬರಲು ಇನ್ನೊಂದು ದಾರಿಯೇ ಇರಲಿಲ್ಲ. ಇಷ್ಟಾದರೂ ಪಟ್ಟಿಯಲ್ಲಿ ಆ ಹೆಸರು ಹಾಗೇ ಇರುತ್ತದೆ.

ರಾಜಕೀಯ ಇರುವುದು ಇಲ್ಲೇ. ಪಂಚಾಯಿತಿ ಎಣಿಸುವುದು ಸುಲಭ, ಘೋಷಿಸುವುದು ಇನ್ನೂ ಸುಲಭ. ಯುಪಿಎ 2 ವರ್ಷದಲ್ಲಿ ಮುಗಿಸುತ್ತೇವೆ ಅಂದಿತ್ತು. ಎನ್‌ಡಿಎ ಬಂದ ಮೇಲೆ ಯೋಜನೆಗೆ ಭಾರತ್‌ನೆಟ್ ಅಂತ ಹೊಸ ಹೆಸರಿಟ್ಟರು. 1 ಲಕ್ಷ ಪಂಚಾಯಿತಿ ಮುಟ್ಟುವಷ್ಟರಲ್ಲಿ 2017 ಮುಗಿಯುತ್ತಿತ್ತು. ಎಷ್ಟು ಮನೆಯಲ್ಲಿ ಬಳಸುತ್ತಿದ್ದಾರೆ ಅನ್ನುವ ಲೆಕ್ಕಕ್ಕೆ ಯಾವ ಪಕ್ಷವೂ ಅಷ್ಟೇ ಮಹತ್ವ ಕೊಡಲಿಲ್ಲ. ನನಗೆ ಬೇಸರ ಇರುವುದು ಇದರ ಬಗ್ಗೆಯೇ.

ಖಾಸಗಿಯವರಿಗೆ ಕೊಟ್ಟಿದ್ದರೆ ಸರಿಹೋಗುತ್ತಿತ್ತು ಅನ್ನುವವರಿಗೂ ಒಂದು ಮಾತು. 2021ರಲ್ಲಿ ಕರ್ನಾಟಕವೂ ಸೇರಿ 16 ರಾಜ್ಯಗಳಿಗೆ ಅದೇ ಪ್ರಯತ್ನ ಆಯಿತು. ಟೆಂಡರ್ ಹಾಕಲು ಯಾರೂ ಮುಂದೆ ಬರಲಿಲ್ಲ. 2023ರಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ತಿದ್ದಿದ ಯೋಜನೆ ಬಂತು. ಇದರಲ್ಲಿ ಕೇಬಲ್ ಉಂಗುರದ ಹಾಗೆ ಸುತ್ತುತ್ತದೆ, ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸಂಪರ್ಕ ಸಿಗುತ್ತದೆ. 1.5 ಕೋಟಿ ಮನೆಗಳಿಗೆ ಸಂಪರ್ಕ ಅನ್ನುವ ಗುರಿಯೂ ಇದೆ.

ಅಂದಹಾಗೆ, ಈ ದುಡ್ಡು ಎಲ್ಲಿಂದ ಅಂತ ಯಾರೂ ಕೇಳಲ್ಲ, ಕೇಳಬೇಕಿತ್ತು. ಟೆಲಿಕಾಂ ಕಂಪನಿಗಳು ಆದಾಯದ ಶೇ 5ರಷ್ಟನ್ನು ಹಳ್ಳಿಗಳ ಸಂಪರ್ಕಕ್ಕೆ ಅಂತಲೇ ಇರುವ ನಿಧಿಗೆ ಕಟ್ಟುತ್ತವೆ. ಅದರ ಈಗಿನ ಹೆಸರು ಡಿಜಿಟಲ್ ಭಾರತ್ ನಿಧಿ. ಆ ಆದಾಯ ಬರುವುದು ನಮ್ಮ ನಿಮ್ಮ ರೀಚಾರ್ಜ್‌ನಿಂದ ಅಲ್ವಾ? ಹಾಗಾಗಿ ಮುಂದಿನ ಗ್ರಾಮಸಭೆಯಲ್ಲಿ ಧೈರ್ಯವಾಗಿ ಕೇಳಿ: ಡಬ್ಬಿ ಆನ್ ಇದೆಯಾ, ಎಷ್ಟು ಮನೆಗೆ ಕೊಟ್ಟಿದ್ದೀರಿ?