ಪದ ಪರಿಚಯ: ಜ್ಯೇಷ್ಠತೆ

ಖಾಸಗಿ ಕಂಪನಿಯೊಂದರಲ್ಲಿ 52 ವರ್ಷದವರಿಗೆ ಮ್ಯಾನೇಜರ್ ಹುದ್ದೆ ತಪ್ಪಿ, 34ರ ಹುಡುಗನಿಗೆ ಸಿಕ್ಕಿತು ಅಂದುಕೊಳ್ಳಿ. ಕೂಡಲೇ ಎಲ್ಲರೂ ಬರೆಯುವುದು ಒಂದೇ ಸಾಲು: ‘ಜ್ಯೇಷ್ಠತೆ ಕಡೆಗಣಿಸಿ ಬಡ್ತಿ.’ ಓದಿ ಓದಿ ಸಾಕಾಗಿದೆ. ಆ ಕಂಪನಿಯಲ್ಲಿ ಜ್ಯೇಷ್ಠತೆ ಅನ್ನುವುದೇ ಇಲ್ಲದಿದ್ದರೆ ಕಡೆಗಣಿಸಿದ್ದು ಏನನ್ನು? ಅನ್ಯಾಯ ಆಗಿಲ್ಲ ಅಂತಲ್ಲ. ಆಗಿರಬಹುದು. ಆದರೆ ಅದರ ಹೆಸರು ಬೇರೆ.

ಕಚೇರಿಯ ಮಾತಿನಲ್ಲಿ ಜ್ಯೇಷ್ಠತೆ ಅಂದರೆ ಒಂದು ಪಟ್ಟಿಯಲ್ಲಿ ನಿಮ್ಮ ಕ್ರಮಸಂಖ್ಯೆ. ಅಷ್ಟೇ. ಕೂದಲು ನೆರೆತದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಒಟ್ಟು ಎಷ್ಟು ವರ್ಷ ಸರ್ವಿಸ್ ಆಯ್ತು ಅನ್ನುವುದೂ ಅದನ್ನು ತೀರ್ಮಾನಿಸುವುದಿಲ್ಲ. ನಮ್ಮ ರಾಜ್ಯದ ಸರ್ಕಾರಿ ನೌಕರರಿಗೆ 1957ರ ಜ್ಯೇಷ್ಠತಾ ನಿಯಮಗಳಿವೆ. ಎಣಿಕೆಯೆಲ್ಲ ಆಯಾ ವೃಂದದ, ಅಂದರೆ ಕೇಡರಿನ, ಒಳಗೆ. ಸ್ವಂತ ಕೋರಿಕೆಯ ಮೇಲೆ ಬೇರೆ ಜ್ಯೇಷ್ಠತಾ ಘಟಕಕ್ಕೆ (ಅಂದರೆ ತನ್ನದೇ ಬೇರೆ ಪಟ್ಟಿ ಇರುವ ವಿಭಾಗಕ್ಕೆ) ವರ್ಗ ಮಾಡಿಸಿಕೊಂಡು ಹೋದರೆ, ಅಲ್ಲಿನ ಪಟ್ಟಿಯ ಕೊನೆಗೆ ಹೋಗಿ ನಿಲ್ಲಬೇಕು. ಊರ ಹತ್ತಿರ ಬರಬೇಕು ಅಂತ ವರ್ಗಾವಣೆ ತೆಗೆದುಕೊಂಡ ಮೇಷ್ಟ್ರುಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮನೆಯಲ್ಲಿ ಹಿರಿಯರು, ಸ್ಟಾಫ್ ರೂಮಿನಲ್ಲಿ ಹಿರಿಯರು, ಪಟ್ಟಿಯಲ್ಲಿ ಮಾತ್ರ ಕಿರಿಯರು.

ಗೊಂದಲಕ್ಕೆ ಅರ್ಧ ಕಾರಣ ಪದದಲ್ಲೇ ಇದೆ. ‘ಜ್ಯೇಷ್ಠ’ ಎಲ್ಲಿಂದ ಬಂತು ಅಂತ ಸಂಸ್ಕೃತ ವ್ಯಾಕರಣ ಬರೆದ ಪಾಣಿನಿಯನ್ನು ಕೇಳಿದರೆ ಎರಡು ಉತ್ತರ ಸಿಗುತ್ತವೆ. ‘ಪ್ರಶಸ್ಯ’, ಅಂದರೆ ಹೊಗಳಿಕೆಗೆ ತಕ್ಕವನು. ‘ವೃದ್ಧ’, ಅಂದರೆ ವಯಸ್ಸಾದವನು. ‘ಎಲ್ಲರಿಗಿಂತ ಹೆಚ್ಚು’ ಅನ್ನುವ ಅರ್ಥದ ‘ಇಷ್ಠ’ ಪ್ರತ್ಯಯ ಸೇರುವಾಗ ಎರಡೂ ಪದಗಳು ‘ಜ್ಯ’ ಆಗುತ್ತವೆ ಅನ್ನುತ್ತವೆ ಅವನ ಸೂತ್ರಗಳು. ಹಾಗಾಗಿ ಎಲ್ಲರಿಗಿಂತ ಯೋಗ್ಯನೂ ಜ್ಯೇಷ್ಠ, ಎಲ್ಲರಿಗಿಂತ ಮುದುಕನೂ ಜ್ಯೇಷ್ಠ. ಇಲಾಖೆಗಳು ‘ಜ್ಯೇಷ್ಠತೆ ಮತ್ತು ಅರ್ಹತೆ’ ಅಂತ ಬಿಡಿಸಿ ಬರೆದು ಜಗಳ ಆಡುತ್ತಿರುವುದನ್ನು ವ್ಯಾಕರಣ ಯಾವತ್ತೋ ಒಂದೇ ಪದದಲ್ಲಿ ಮುಗಿಸಿಬಿಟ್ಟಿತ್ತು.

ಇನ್ನು ಬಡ್ತಿ. ಇದು ಮರಾಠಿ, ಹಿಂದಿಯ ‘ಬಢತಿ’. ಅದರ ಹಿಂದೆ ಇರುವುದು ಸಂಸ್ಕೃತದ ‘ವೃಧ್’, ಬೆಳೆಯುವುದು. ನಮ್ಮ ಬ್ಯಾಂಕಿನ ‘ಬಡ್ಡಿ’ ಅದೇ ಧಾತುವಿನ ‘ವೃದ್ಧಿ’ಯ ತದ್ಭವ. ‘ವೃದ್ಧ’ ಕೂಡ ಅಲ್ಲಿಂದಲೇ ಬಂದವನು, ಬೆಳೆದವನು ಅಂತ ಅರ್ಥ. ಬಡ್ತಿ, ಬಡ್ಡಿ, ವೃದ್ಧ ಮೂರೂ ದಾಯಾದಿಗಳು. ವೃದ್ಧನಿಗೆ ಬಡ್ತಿ ಸಿಗದಿದ್ದರೆ ಅದೂ ಒಂಥರಾ ಮನೆಯೊಳಗಿನ ಪಾಲಿನ ತಕರಾರೇ, ಅಲ್ವಾ?

ಜ್ಯೇಷ್ಠತೆ ನಿಜವಾಗಿ ಮುರಿದದ್ದಕ್ಕೆ ಉದಾಹರಣೆ ಬೇಕಾದರೆ 1973ರ ಏಪ್ರಿಲ್ ನೋಡಿ. ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಬದಲಿಸುವಂತಿಲ್ಲ ಅಂದ ಕೇಶವಾನಂದ ಭಾರತಿ ತೀರ್ಪಿನ ಬೆನ್ನಲ್ಲೇ ಸರ್ಕಾರ ಎ.ಎನ್. ರೇ ಅವರನ್ನು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮಾಡಿತು. ಅವರಿಗಿಂತ ಮುಂದಿದ್ದ ಜೆ.ಎಂ. ಶೆಲತ್, ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ, ಎ.ಎನ್. ಗ್ರೋವರ್ ಮೂವರೂ ರಾಜೀನಾಮೆ ಕೊಟ್ಟರು. (ಹೆಗ್ಡೆಯವರು 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು.) ಇಲ್ಲೊಂದು ಸಣ್ಣ ವಿವರವನ್ನು ಯಾರೂ ಗಮನಿಸುವುದಿಲ್ಲ. ರೇ ಹುಟ್ಟಿದ್ದು 1912ರ ಜನವರಿಯಲ್ಲಿ, ಗ್ರೋವರ್ ಅದೇ ವರ್ಷದ ಫೆಬ್ರವರಿಯಲ್ಲಿ. ವಯಸ್ಸಿನಲ್ಲಿ ರೇ ದೊಡ್ಡವರು. ಆದರೆ ಗ್ರೋವರ್ ಸುಪ್ರೀಂ ಕೋರ್ಟಿಗೆ ಬಂದದ್ದು 1968ರಲ್ಲಿ, ರೇ ಬಂದದ್ದು 1969ರಲ್ಲಿ. ಹಾಗಾಗಿ ಹಿರಿಯರು ಗ್ರೋವರ್. ಮೀರಿಸಿ ಹೋದದ್ದು ಆ ಕ್ರಮವನ್ನು, ಜಾತಕವನ್ನಲ್ಲ.

ಪಟ್ಟಿಯಲ್ಲಿ ಮೇಲಿದ್ದರೆ ಬಡ್ತಿ ಖಾತ್ರಿ ಅನ್ನುವುದೂ ತಪ್ಪು. ಮೈಸೂರು ರಾಜ್ಯದ್ದೇ ಒಂದು ಪ್ರಕರಣದಲ್ಲಿ 1968ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಜ್ಯೇಷ್ಠತೆ ಇದೆ ಎಂಬ ಒಂದೇ ಕಾರಣಕ್ಕೆ ಬಡ್ತಿ ಕೊಡಿ ಅನ್ನುವಂತಿಲ್ಲ; ನನ್ನ ಹೆಸರನ್ನು ಪರಿಗಣಿಸಿ ಅನ್ನಬಹುದು. ಹಾಗಂತ ಅಧಿಕಾರಿಗೆ ಇಷ್ಟ ಬಂದಂತೆ ಆರಿಸಲು ಬಿಟ್ಟಿಲ್ಲ. ಜ್ಯೇಷ್ಠತೆ ಜೊತೆಗೆ ಅರ್ಹತೆ ಎಂಬ ನಿಯಮ ಇದ್ದಲ್ಲಿ, ಬೇಕಾದ ಕನಿಷ್ಠ ಅರ್ಹತೆ ಇದ್ದರೆ ಸಾಕು, ಹಿರಿಯರಿಗೇ ಮೊದಲು ಕೊಡಬೇಕು. ಕಿರಿಯರು ಇನ್ನಷ್ಟು ಚುರುಕಾಗಿದ್ದರೂ ಸರಿ. ಇದು 1998ರಲ್ಲಿ ಗ್ರಾಮೀಣ ಬ್ಯಾಂಕ್‌ಗಳ ಪ್ರಕರಣದಲ್ಲಿ ಬಂದ ಮಾತು.

ಈಗ ಆ 52 ವರ್ಷದವರ ಕಡೆ ಬರೋಣ. ‘ನಿಮಗಿನ್ನು ಎಷ್ಟು ವರ್ಷ ಸರ್ವಿಸ್ ಇದೆ?’, ‘ಹೊಸ ಸಾಫ್ಟ್‌ವೇರ್ ಕಲಿಯೋಕೆ ಯಂಗ್ ಟೀಮ್ ಬೇಕು’, ‘ಆರಾಮಾಗಿ ಇದ್ದುಬಿಡಿ ಸಾರ್, ಟೆನ್ಷನ್ ಯಾಕೆ?’ ಇವೆಲ್ಲ ವಯಸ್ಸಿನ ಮಾತು. ಇದಕ್ಕೆ ವಯೋತಾರತಮ್ಯ ಅನ್ನಬೇಕು. ಇದನ್ನು ಜ್ಯೇಷ್ಠತೆಯ ದೂರು ಅಂತ ಬರೆದುಕೊಟ್ಟರೆ ಎಚ್‌ಆರ್‌ನವರಿಗೆ ಕೆಲಸ ಸುಲಭ. ‘ನಮ್ಮಲ್ಲಿ ಸೀನಿಯಾರಿಟಿ ಸಿಸ್ಟಮ್ ಇಲ್ಲ, ಮೆರಿಟ್ ಮಾತ್ರ’ ಅಂದುಬಿಡುತ್ತಾರೆ. ಅವರು ಹೇಳಿದ್ದು ನಿಜ, ಮಾತು ಅಲ್ಲಿಗೇ ನಿಂತುಹೋಗುತ್ತದೆ. ವಯಸ್ಸಿನ ಪ್ರಶ್ನೆ ಕೇಳಿದಂತೆಯೇ ಆಗುವುದಿಲ್ಲ.

ಕೇಳಿದರೂ ಕಾನೂನಿನ ಬಲ ಕಡಿಮೆ, ಒಪ್ಪುತ್ತೇನೆ. ಸರ್ಕಾರಿ ಉದ್ಯೋಗದಲ್ಲಿ ತಾರತಮ್ಯ ಮಾಡಬಾರದು ಅನ್ನುವ ಸಂವಿಧಾನದ 16ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಹುಟ್ಟಿದ ಸ್ಥಳ, ವಾಸಸ್ಥಳ ಎಂದು ಕಾರಣಗಳನ್ನು ಹೆಸರಿಸುತ್ತದೆ. ವಯಸ್ಸು ಅದರಲ್ಲಿಲ್ಲ. ಅಮೆರಿಕದಲ್ಲಿ 40 ದಾಟಿದವರ ರಕ್ಷಣೆಗೆಂದೇ 1967ರಲ್ಲಿ ಕಾನೂನು ಮಾಡಿದರು. ಅಲ್ಲಿ ಕೆಲಸ ಮಾಡುವ ನಮ್ಮವರು ‘ಸೀನಿಯಾರಿಟಿ’ ಅಂತ ಗೊಣಗದೆ ಸೀದಾ ‘ಏಜ್’ ಅನ್ನುವುದು ಅದಕ್ಕೇ ಇರಬೇಕು.

ಇನ್ನೊಂದು ಸಣ್ಣ ತಕರಾರು ಇದೆ, ಅದನ್ನೂ ಹೇಳಿಬಿಡುತ್ತೇನೆ. ವೇತನ ಬಡ್ತಿ ಬೇರೆ, ಮುಂಬಡ್ತಿ ಬೇರೆ. ಹತ್ತು ವರ್ಷದ ಕಾಲಮಿತಿ ವೇತನ ಬಡ್ತಿ ಬಂದ ಕೂಡಲೇ ‘ಪ್ರಮೋಷನ್ ಆಯ್ತು’ ಅಂತ ಸುಮ್ನೆ ಸ್ವೀಟ್ ಹಂಚಬೇಡಿ. ಅದನ್ನು ಕೊಡುವುದೇ ಒಂದೇ ಹುದ್ದೆಯಲ್ಲಿ ಹತ್ತು ವರ್ಷ ಮುಂಬಡ್ತಿ ಇಲ್ಲದೆ ಕೂತವರಿಗೆ.