ಜೊಹಾನ್ಸ್‌ಬರ್ಗ್ ನಕ್ಷೆಯಲ್ಲಿ ಎಲ್ಲರೂ ಎಡವುವ ಜಾಗ

ನಗರ ಯೋಜನೆ ಕಲಿಸುವ ನನಗೆ ಪ್ರತಿ ವರ್ಷ ತಪ್ಪದೆ ಎದುರಾಗುವ ಪ್ರಶ್ನೆ ಒಂದಿದೆ. ದಕ್ಷಿಣ ಆಫ್ರಿಕಾದ ಪಾಠ ಶುರುವಾದ ಕೂಡಲೇ ಯಾರಾದರೂ ಕೈ ಎತ್ತುತ್ತಾರೆ. "ಸರ್, ಬಿಳಿಯರು ಒಂದು ಕಡೆ ಇದ್ದರು, ಕಪ್ಪು ಜನ ಇನ್ನೊಂದು ಕಡೆ. ಅವರವರ ಜನರ ಜೊತೆ ಇರೋದು ಎಲ್ಲ ಕಡೆ ಇದ್ದದ್ದೇ ಅಲ್ವಾ?" ಓದುವ ಹುಡುಗರಷ್ಟೇ ಕೇಳಿದ್ದರೆ ಸುಮ್ಮನಿರುತ್ತಿದ್ದೆ. ತರಬೇತಿಗೆ ಬರುವ ತಲೆ ನರೆತ ಇಂಜಿನಿಯರುಗಳೂ ಇದನ್ನೇ ಕೇಳುತ್ತಾರೆ.

ಮಂಡೇಲಾ, 1948ರಲ್ಲಿ ವರ್ಣಭೇದದ ಸರ್ಕಾರ ಬಂದದ್ದು, 1994ರಲ್ಲಿ ಅದು ಮುಗಿದದ್ದು ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟುಬಿಡೋಣ. ನಾನು ಉತ್ತರ ಹೇಳುವ ಬದಲು ಜೊಹಾನ್ಸ್‌ಬರ್ಗಿನ ಉತ್ತರ ಭಾಗದ ಒಂದು ಹಳೇ ಬಂಗಲೆಯ ಪ್ಲ್ಯಾನ್ ಕೈಗೆ ಕೊಡುತ್ತೇನೆ. ದೊಡ್ಡ ಮನೆ, ಮುಂದೆ ಹುಲ್ಲುಹಾಸು. ಹಿತ್ತಲ ಮೂಲೆಯಲ್ಲಿ, ಗ್ಯಾರೇಜಿನ ಪಕ್ಕ, ಒಂದು ಪುಟ್ಟ ಕೋಣೆ. ಅದಕ್ಕೆ ಬೇರೆ ಬಾಗಿಲು, ಬೇರೆ ಕಕ್ಕಸು. "ಇದು ಯಾರದು?" ಅಂತ ಕೇಳುತ್ತೇನೆ. ಸ್ವಲ್ಪ ಹೊತ್ತಿಗೆ ಯಾರಿಗಾದರೂ ಹೊಳೆಯುತ್ತದೆ, ಕೆಲಸದವಳದು. ಬಿಳಿಯರಿಗೆ ಮಾತ್ರ ಅಂತ ಕಾನೂನು ಗೆರೆ ಎಳೆದ ಬಡಾವಣೆಯಲ್ಲಿ ಆ ಕಪ್ಪು ಹೆಂಗಸು ರಾತ್ರಿಯೂ ಅಲ್ಲೇ ಮಲಗುತ್ತಿದ್ದಳು. ಆ ಮನೆಯ ಮಗುವಿಗೆ ಅನ್ನ ಉಣಿಸಿ ಬೆಳೆಸುತ್ತಿದ್ದಳು. ಅವಳ ಗಂಡ, ಮಕ್ಕಳು ಅಲ್ಲಿ ಉಳಿಯುವ ಹಾಗಿರಲಿಲ್ಲ. ಮಕ್ಕಳು ಸಾಮಾನ್ಯವಾಗಿ ಹಳ್ಳಿಯಲ್ಲಿ ಅಜ್ಜಿಯ ಹತ್ತಿರ ಇರುತ್ತಿದ್ದರು.

ನಾನು ಸಾವಿರ ಸಲ ಹೇಳಲು ತಯಾರಿರುವ ಮಾತು ಇದೊಂದೇ: ಅಲ್ಲಿ ಜನರನ್ನು ಪೂರ್ತಿ ದೂರ ಇಡುವ ಉದ್ದೇಶ ಯಾವತ್ತೂ ಇರಲಿಲ್ಲ. ಪೂರ್ತಿ ದೂರ ಇಟ್ಟಿದ್ದರೆ ಮಾರನೇ ದಿನವೇ ಚಿನ್ನದ ಗಣಿ ನಿಲ್ಲುತ್ತಿತ್ತು. ದುಡಿಮೆಗೆ ಎಷ್ಟು ಹತ್ತಿರ ಬೇಕೋ ಅಷ್ಟು ಹತ್ತಿರ, ಸಂಸಾರಕ್ಕೆ, ಆಸ್ತಿಗೆ, ಓಟಿಗೆ ಎಷ್ಟು ದೂರ ಬೇಕೋ ಅಷ್ಟು ದೂರ. ಲೆಕ್ಕ ಹಾಕಿ ಇಟ್ಟ ದೂರ ಅದು. ನಂಬಿಕೆ ಬರದಿದ್ದರೆ 1952ರ ಕಾನೂನು ನೋಡಿ. ಅನುಮತಿ ಇಲ್ಲದ ಕಪ್ಪು ವ್ಯಕ್ತಿ ನಗರದಲ್ಲಿ 72 ಗಂಟೆಗಿಂತ ಜಾಸ್ತಿ ಇರುವಂತಿಲ್ಲ. ಖಾಯಂ ಉಳಿಯುವ ಹಕ್ಕು ಬೇಕೆಂದರೆ ಅಲ್ಲೇ ಹುಟ್ಟಿರಬೇಕು, ಇಲ್ಲವೇ ಒಬ್ಬನೇ ಮಾಲೀಕನ ಕೈಕೆಳಗೆ ಸತತ 10 ವರ್ಷ ದುಡಿದಿರಬೇಕು, ಅಥವಾ ಬಿಡದೆ 15 ವರ್ಷ ಅಲ್ಲಿ ವಾಸವಿರಬೇಕು. ಅವರವರ ಜನರ ಜೊತೆ ಇರಲಿ ಅನ್ನುವ ಸರ್ಕಾರಕ್ಕೆ ಮಾಲೀಕನ ಲೆಕ್ಕ ಯಾಕೆ ಬೇಕು?

ಇದೆಲ್ಲ 1948ರ ನಂತರದ ಕಥೆ ಅಂದುಕೊಳ್ಳುವವರೂ ಇದ್ದಾರೆ. ಬೇರು ಬ್ರಿಟಿಷರ ಕಾಲದ್ದು. 1913ರ ಭೂ ಕಾಯ್ದೆ ಕಪ್ಪು ಜನರಿಗೆ ದೇಶದ ಸುಮಾರು ಶೇ. 7ರಷ್ಟು ನೆಲ ಬಿಟ್ಟಿತು. 1936ರಲ್ಲಿ ಅದನ್ನು ಸುಮಾರು ಶೇ. 13ಕ್ಕೆ ಏರಿಸಲು ಒಪ್ಪಿದರು. ಅಷ್ಟು ನೆಲದಲ್ಲಿ ಉತ್ತು ಬದುಕುವುದು ಕಷ್ಟ. ಅದಕ್ಕೇ ಗಂಡಸರು ಗಣಿಗೆ ಹೊರಟರು.

ನಮ್ಮ ಕಸುಬಿನವರು ತಲೆ ತಗ್ಗಿಸಬೇಕಾದ ಒಂದು ಪ್ರಸಂಗವೂ ಇದೆ. 1904ರಲ್ಲಿ ಜೊಹಾನ್ಸ್‌ಬರ್ಗಿನ 'ಕೂಲಿ ಲೊಕೇಶನ್'ಗೆ ಪ್ಲೇಗು ಬಂತು. ಭಾರತೀಯರ ಕೇರಿ ಅದು, ಕಪ್ಪು ಜನರೂ ಅಲ್ಲಿದ್ದರು. ನಗರಸಭೆ ಮೊದಲೇ ಅದನ್ನು ವಶಕ್ಕೆ ತೆಗೆದುಕೊಂಡಿತ್ತು, ಆದರೆ ಚರಂಡಿ, ಕಸ ಯಾವುದನ್ನೂ ಕೇಳುವವರಿರಲಿಲ್ಲ. ರೋಗಿಗಳ ಆರೈಕೆಗೆ ನಿಂತವರಲ್ಲಿ ಗಾಂಧೀಜಿ ಇದ್ದರು. ಕೇರಿ ಖಾಲಿ ಮಾಡಿಸುವ ಆದೇಶ ಬಂದಾಗ ಜನ ನೆಲ ಅಗೆದು ಹೂತಿಟ್ಟಿದ್ದ ತಾಮ್ರ, ಬೆಳ್ಳಿ ನಾಣ್ಯ ಹೊರತೆಗೆದು ಅವರ ಕೈಗೆ ಕೊಟ್ಟರು. ಆ ನಾಣ್ಯಗಳು ಬ್ಯಾಂಕು ಸೇರಿದ್ದು ರೋಗನಾಶಕದಲ್ಲಿ ಅದ್ದಿಸಿಕೊಂಡ ಮೇಲೆ. ಜನರನ್ನು ಕ್ಲಿಪ್‌ಸ್ಪ್ರೂಟ್‌ಗೆ ಸಾಗಿಸಿದರು. ನಗರದಿಂದ ಸುಮಾರು 20 ಕಿ.ಮೀ. ದೂರ, ಕೊಳಚೆ ನೀರು ಹರಿಸುವ ಜಮೀನಿನ ಪಕ್ಕ. ಹಿಂದೆ ಉಳಿದ ಕೇರಿಗೆ ಬೆಂಕಿ ಇಟ್ಟರು. ರೋಗಕ್ಕೆ ಹೆದರುವುದು ತಪ್ಪಲ್ಲ, ನಾನೂ ಹೆದರುತ್ತಿದ್ದೆ. ಆದರೆ ಪ್ಲೇಗು ಹೋದ ಮೇಲೂ ಕಪ್ಪು ಜನರ ಜಾಗ ಕ್ಲಿಪ್‌ಸ್ಪ್ರೂಟೇ ಆಯಿತು. ಕಪ್ಪು ಜನರ ದೊಡ್ಡ ವಸತಿ ಪ್ರದೇಶವಾದ ಸೊವೆಟೊ ಬೆಳೆದದ್ದು ಅಲ್ಲಿಂದಲೇ. ಅದಕ್ಕೂ ಮೊದಲು, 1901ರಲ್ಲಿ, ಕೇಪ್ ಟೌನ್‌ನಲ್ಲೂ ಪ್ಲೇಗಿನ ಹೆಸರಲ್ಲಿ ಕಪ್ಪು ಜನರನ್ನು ಊರಾಚೆ ಸಾಗಿಸಿದ್ದರು.

ಈಗ ಸೊವೆಟೊ ನಕ್ಷೆ ಬಿಡಿಸಿ. ಒಮ್ಮೆ ಒಬ್ಬ ಹುಡುಗಿ ಬಹಳ ಹೊತ್ತು ದಿಟ್ಟಿಸಿ, "ಇಷ್ಟು ದೊಡ್ಡ ಊರಿಗೆ ಒಳಗೆ ಹೋಗೋ ರಸ್ತೆ ಇಷ್ಟೇನಾ ಸರ್?" ಅಂದಳು. ಪಕ್ಕದಲ್ಲಿದ್ದವನು "ಟ್ರಾಫಿಕ್ ಪ್ಲ್ಯಾನಿಂಗ್ ಸರಿ ಇಲ್ಲ" ಅಂದ. ಪಾಪ, ಒಳ್ಳೇ ಹುಡುಗ, ಆದರೆ ಎಡವಿದ್ದು ಅಲ್ಲೇ. ದಾರಿ ಕಡಿಮೆ ಇದ್ದರೆ ಗಲಾಟೆ ಆದ ದಿನ ಪೊಲೀಸರು ಬೇಗ ಮುಚ್ಚಬಹುದು. ಬಿಳಿಯರ ಬಡಾವಣೆಗೂ ಕಪ್ಪು ಜನರ ಬಡಾವಣೆಯಾದ ಟೌನ್‌ಶಿಪ್‌ಗೂ ನಡುವೆ ಖಾಲಿ ಪಟ್ಟಿ ಬಿಡುತ್ತಿದ್ದರು, ಇಲ್ಲವೇ ರೈಲು ಹಳಿ, ಕಾರ್ಖಾನೆ, ಗಣಿ ಮಣ್ಣಿನ ಗುಡ್ಡ. ಎಷ್ಟೋ ಕಡೆ ಭಾರತೀಯರನ್ನೂ 'ಕಲರ್ಡ್' ಅನ್ನಿಸಿಕೊಂಡ ಮಿಶ್ರ ಮೂಲದವರನ್ನೂ ಮಧ್ಯದಲ್ಲಿ ತಂದು ಕೂರಿಸಿದರು. 1983ರ ಸಂವಿಧಾನದಲ್ಲೂ ಅದೇ ನಕ್ಷೆ: ಬಿಳಿಯರಿಗೊಂದು ಸದನ, ಕಲರ್ಡ್ ಜನರಿಗೊಂದು, ಭಾರತೀಯರಿಗೊಂದು. ದೇಶದಲ್ಲಿ ಹೆಚ್ಚಿನವರಾದ ಕಪ್ಪು ಜನರಿಗೆ ಯಾವುದೂ ಇಲ್ಲ.

ಇದರ ಖರ್ಚು ಯಾರು ಕೊಟ್ಟರು ಅಂತ ಯಾರೂ ಕೇಳುವುದಿಲ್ಲ. ಡರ್ಬನ್ ನಗರಸಭೆ 1908ರ ಕಾನೂನಿನ ಬಲದಿಂದ ಜೋಳದ ಬಿಯರನ್ನು ತಾನೊಬ್ಬನೇ ಮಾರುವ ಹಕ್ಕು ಪಡೆಯಿತು. ಬಂದ ಲಾಭದಲ್ಲಿ ಕಪ್ಪು ಜನರ ವಸತಿ, ಅವರ ಮೇಲಿನ ಉಸ್ತುವಾರಿ ಎರಡೂ ನಡೆಯಿತು. ಬೇರೆ ನಗರಗಳೂ ಇದನ್ನು ನಕಲು ಮಾಡಿದವು. ಮನೆಯಲ್ಲಿ ಬಿಯರ್ ಮಾಡಿ ಮಾರುತ್ತಿದ್ದ ಹೆಂಗಸರು ಅಪರಾಧಿಗಳಾದರು. 1959ರಲ್ಲಿ ಡರ್ಬನ್ನಿನ ಕೇಟೊ ಮ್ಯಾನರ್‌ನ ಹೆಂಗಸರು ನಗರಸಭೆಯ ಬಿಯರ್ ಹಾಲ್‌ಗಳಿಗೆ ನುಗ್ಗಿದ್ದಕ್ಕೂ, 1976ರಲ್ಲಿ ಸೊವೆಟೊ ಮಕ್ಕಳು ಅವುಗಳಿಗೆ ಬೆಂಕಿ ಇಟ್ಟದ್ದಕ್ಕೂ ಈ ಹಿನ್ನೆಲೆ ಇದೆ. ಕುಡಿತದ ಮೇಲಿನ ಸಿಟ್ಟು ಅಂತ ಬರೆದು ಮುಗಿಸುವ ಉತ್ತರ ಪತ್ರಿಕೆಗಳಿಗೆ ನಾನು ಅರ್ಧ ಅಂಕ ಕೊಡುತ್ತೇನೆ.

ಸಂಸ್ಕೃತಿ ನನ್ನ ವಿಷಯವಲ್ಲ, ಹಾಗಾಗಿ ಜಾಸ್ತಿ ಹೇಳುವುದಿಲ್ಲ. ಒಂದು ಮಾತ್ರ. ಜೊಹಾನ್ಸ್‌ಬರ್ಗಿನ ಸೋಫಿಯಾಟೌನ್ ಬಡಾವಣೆಯಲ್ಲಿ ಕಪ್ಪು ಜನ ಸ್ವಂತ ನೆಲ ಕೊಂಡಿದ್ದರು. ಎಲ್ಲ ಭಾಷೆಯವರು ಬೆರೆತಿದ್ದರು, ಜಾಜ್ ಸಂಗೀತಕ್ಕೆ ಹೆಸರಾದ ಊರು. 1955ರಿಂದ ಒಡೆಯಲು ಶುರು ಮಾಡಿ, ಜಾಗಕ್ಕೆ 'ಟ್ರಯೊಂಫ್', ಅಂದರೆ ವಿಜಯ, ಅಂತ ಹೆಸರಿಟ್ಟರು. ಸೊವೆಟೊದ ಮೆಡೋಲ್ಯಾಂಡ್ಸ್‌ಗೆ ಹಾಕಿದ ಜನರನ್ನು ಅಲ್ಲೂ ಜುಲು, ಸೊಥೊ, ತ್ಸ್ವಾನಾ ಅಂತ ಭಾಷೆವಾರು ವಿಂಗಡಿಸಿ ಕೂರಿಸಿದರು. 'ಅವರವರ ಜನ' ಅನ್ನುವುದು ತಯಾರಾದದ್ದು ಹೀಗೆ. ಬಿಳಿಯರ ಹೆಮ್ಮೆಯಾದ ಆಫ್ರಿಕಾನ್ಸ್ ಭಾಷೆಯ ಕಥೆ ಇನ್ನೂ ಮಜಾ. ಕೇಪ್ ಟೌನ್ ಸುತ್ತಲಿನ ಕೇಪ್ ಪ್ರದೇಶದಲ್ಲಿ ಬಂಗಾಳ, ಮಲಬಾರ್, ಇಂಡೊನೇಷ್ಯಾ ಕಡೆಯಿಂದ ತಂದ ಗುಲಾಮರ ಬಾಯಲ್ಲೂ ಬೆಳೆದ ಭಾಷೆ ಅದು. 19ನೇ ಶತಮಾನದಲ್ಲಿ ಅಲ್ಲಿನ ಮದ್ರಸಾಗಳಲ್ಲಿ ಅದನ್ನು ಅರಬ್ಬಿ ಲಿಪಿಯಲ್ಲಿ ಬರೆಯುತ್ತಿದ್ದರು.

ಕಾನೂನುಗಳು 1991ರ ಹೊತ್ತಿಗೆ ರದ್ದಾದವು. ರಸ್ತೆ, ಹಳಿ, ಕೊಳವೆಗಳನ್ನು ಯಾರೂ ರದ್ದು ಮಾಡಲಿಲ್ಲ. ಹೊಸ ಸರ್ಕಾರ ಬಡವರಿಗೆ ಲಕ್ಷಗಟ್ಟಲೆ ಮನೆ ಕಟ್ಟಿಸಿತು, ಅದು ಸಣ್ಣ ಮಾತಲ್ಲ. ಆದರೆ ಅಗ್ಗದ ನೆಲ ಇದ್ದದ್ದು ಊರಾಚೆ. ಹಾಗಾಗಿ ಬಹಳಷ್ಟು ಮನೆ ಹಳೇ ನಕ್ಷೆಯ ಅಂಚಿನಲ್ಲೇ ಎದ್ದವು. ಯೋಜಕರನ್ನು ಬೈಯುವ ಮೊದಲು ಅವರ ಬಜೆಟ್ ನೋಡಬೇಕು.

"ಹಾಗಾದರೆ ಮೆಟ್ರೊ ಹಾಕೋಣ ಸರ್" ಅನ್ನುತ್ತಾರೆ ಹುಡುಗರು. ಎಲ್ಲಿಂದ ಎಲ್ಲಿಗೆ ಅಂತ ಕೇಳಿದರೆ ಸೊವೆಟೊದಿಂದ ನಗರಕ್ಕೆ ಗೆರೆ ಎಳೆಯುತ್ತಾರೆ, ಬೆಳಿಗ್ಗೆ ಕೆಲಸಕ್ಕೆ, ಸಂಜೆ ವಾಪಸ್. ಆ ಗೆರೆಯಲ್ಲಿ ವರ್ಣಭೇದದ ಸರ್ಕಾರವೇ ರೈಲು ಓಡಿಸುತ್ತಿತ್ತು, ಮಾರಾಯ! ನಡುವಿನ ಖಾಲಿ ಪಟ್ಟಿಯಲ್ಲಿ ಮನೆ, ಅಂಗಡಿ, ಶಾಲೆ ತರಲು ಸಾಧ್ಯವೇ ನೋಡಿ ಅಂತ ವಾಪಸ್ ಕಳಿಸುತ್ತೇನೆ. ಜಾಣರು ಕೂಡಲೇ ಗಣಿ ಗುಡ್ಡಗಳ ಜಾಗ ತೋರಿಸುತ್ತಾರೆ. ಅದರ ಮಣ್ಣಿನಲ್ಲಿ ಯುರೇನಿಯಂ ಇದೆ, ಆಮ್ಲದ ನೀರು ಒಸರುತ್ತದೆ. ಮೊದಲು ಮಣ್ಣಿನ ಪರೀಕ್ಷೆಯ ವರದಿ ತನ್ನಿ, ಆಮೇಲೆ ಪೆನ್ಸಿಲ್ ಹಿಡಿಯೋಣ.