ಅಮೆರಿಕದ ಅತಿ ಹಳೆಯ ಪತ್ರಿಕೆ ಯಾವುದು? ದೇಶಕ್ಕಿಂತ ಮೊದಲೇ ಹುಟ್ಟಿದ ‘ಕುರಂಟ್’ ಕಥೆ

ಪ್ರಶ್ನೆ: ಅಮೆರಿಕದಲ್ಲಿ ಈಗಲೂ ನಡೆಯುತ್ತಿರುವ ಅತಿ ಹಳೆಯ ಪತ್ರಿಕೆ ಯಾವುದು? ಒಂದು ಕಡೆ ‘ಹಾರ್ಟ್‌ಫರ್ಡ್ ಕುರಂಟ್’ ಅಂತಾರೆ, ಇನ್ನೊಂದು ಕಡೆ ‘ನ್ಯೂ ಹ್ಯಾಂಪ್‌ಶೈರ್ ಗೆಜೆಟ್’ ಅಂತಾರೆ, ಮತ್ತೊಂದು ಕಡೆ ‘ನ್ಯೂಯಾರ್ಕ್ ಪೋಸ್ಟ್’ ಹೆಸರಿದೆ. ಯಾವುದನ್ನು ನಂಬುವುದು?

ಉತ್ತರ: ನನ್ನನ್ನು ಕೇಳಿದರೆ ಹಾರ್ಟ್‌ಫರ್ಡ್ ಕುರಂಟ್. ಹಾಗಂತ ಉಳಿದ ಎರಡು ಸುಳ್ಳು ಹೇಳುತ್ತಿವೆ ಅಂತಲ್ಲ. ‘ಅತಿ ಹಳೆಯ’ ಎಂಬ ಮಾತಿನ ಹಿಂದೆ ಯಾರು ಯಾವ ಷರತ್ತು ಅಂಟಿಸಿದ್ದಾರೆ ಎಂದು ನೋಡಬೇಕು.

ಹುಟ್ಟಿದ ವರ್ಷವನ್ನಷ್ಟೇ ಲೆಕ್ಕ ಹಾಕಿದರೆ ಕುರಂಟ್ ಎಷ್ಟೋ ಹಿಂದೆ ಬೀಳುತ್ತದೆ. 1690ರಲ್ಲೇ ಬೋಸ್ಟನ್ನಿನಲ್ಲಿ ಒಂದು ಪತ್ರಿಕೆ ಬಂದಿತ್ತು. ಒಂದೇ ಸಂಚಿಕೆಗೆ ಸರ್ಕಾರ ಅದರ ಬಾಯಿ ಮುಚ್ಚಿಸಿತು. 1704ರಲ್ಲಿ ಶುರುವಾದ ‘ಬೋಸ್ಟನ್ ನ್ಯೂಸ್-ಲೆಟರ್’ ಎಪ್ಪತ್ತು ವರ್ಷ ಬಾಳಿತು. ಅದು ಬ್ರಿಟಿಷರ ಪಕ್ಷಪಾತಿ, ಹಾಗಾಗಿ 1776ರಲ್ಲಿ ಅವರ ಸೇನೆ ಬೋಸ್ಟನ್ ಖಾಲಿ ಮಾಡುವ ಹೊತ್ತಿಗೆ ಅದರ ಕಥೆಯೂ ಮುಗಿಯಿತು. ನ್ಯೂ ಹ್ಯಾಂಪ್‌ಶೈರ್ ಗೆಜೆಟ್ ಹುಟ್ಟಿದ್ದು 1756ರಲ್ಲಿ, ಪೋರ್ಟ್ಸ್‌ಮತ್ ಊರಿನಲ್ಲಿ. ಡೇನಿಯಲ್ ಫೌಲ್ ಅದರ ಒಡೆಯ. ಅಚ್ಚುಯಂತ್ರ ಎಳೆಯುತ್ತಿದ್ದವನು ಮಾತ್ರ ಫೌಲ್‌ನ ಗುಲಾಮ, ಪ್ರೈಮಸ್. ಆ ಗೆಜೆಟ್ ಮುಂದೆ ಬೇರೆ ಪತ್ರಿಕೆಯೊಂದರಲ್ಲಿ ಕರಗಿಹೋಗಿ, 1989ರಲ್ಲಿ ಮತ್ತೆ ಎದ್ದು ಬಂದಿತು. ವಯಸ್ಸಿನಲ್ಲಿ ಅದೇ ಹಿರಿಯ, ಆದರೆ ನಡುವೆ ತನ್ನ ಹೆಸರಿನಲ್ಲಿ ಬರದೆ ಇದ್ದ ಕಾಲ ಉಂಟು. ನ್ಯೂಯಾರ್ಕ್ ಪೋಸ್ಟ್ 1801ರದ್ದು. ಅದು ಹೇಳಿಕೊಳ್ಳುವುದು ‘ದಿನಪತ್ರಿಕೆಗಳಲ್ಲಿ ಹಿರಿಯ’ ಎಂದು. ಕುರಂಟ್ ವಾರಪತ್ರಿಕೆಯಾಗಿ ಹುಟ್ಟಿ ದೈನಿಕವಾಗಿದ್ದು 1837ರಲ್ಲಿ, ಹಾಗಾಗಿ ಪೋಸ್ಟ್‌ನ ವಾದಕ್ಕೂ ಜಾಗವಿದೆ.

ಕುರಂಟ್‌ನ ಷರತ್ತು ‘ಎಡೆಬಿಡದೆ’ ಎಂಬುದು. 1764ರ ಅಕ್ಟೋಬರ್ 29ರಿಂದ ಇವತ್ತಿನವರೆಗೆ ಅದು ನಡೆದುಕೊಂಡೇ ಬಂದಿದೆ, ಅಂದರೆ ಸ್ವಾತಂತ್ರ್ಯ ಘೋಷಣೆಗೂ ಹನ್ನೆರಡು ವರ್ಷ ಮುಂಚಿನಿಂದ. ನಾನು ಕುರಂಟ್ ಪರ ನಿಲ್ಲುವುದು ಈ ಷರತ್ತಿಗಾಗಿಯೇ. ಪತ್ರಿಕೆ ಶುರು ಮಾಡುವುದು ಆಗ ಅಂಥ ದೊಡ್ಡ ಸಂಗತಿಯಲ್ಲ, ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧದ ನಡುವೆ ಅದನ್ನು ಉಳಿಸಿಕೊಳ್ಳುವುದಿತ್ತಲ್ಲ, ಅದು ಕಷ್ಟ.

ಶುರು ಮಾಡಿದವನು ಥಾಮಸ್ ಗ್ರೀನ್. ತಲೆತಲಾಂತರದಿಂದ ಅಚ್ಚಿನ ಕೆಲಸ ಮಾಡಿಕೊಂಡು ಬಂದ ಮನೆತನ. ಕನೆಟಿಕಟ್ ವಸಾಹತಿನ ಹಾರ್ಟ್‌ಫರ್ಡ್‌ನಲ್ಲಿ ‘ಹಾರ್ಟ್ ಅಂಡ್ ಕ್ರೌನ್’ ಎಂಬ ಗುರುತಿನ ಮನೆಯಲ್ಲಿ ಅವನ ಮುದ್ರಣಾಲಯವಿತ್ತು. ಪತ್ರಿಕೆಗೆ ಇಟ್ಟ ಹೆಸರು ‘ಕನೆಟಿಕಟ್ ಕುರಂಟ್’. ಆಗಿನ ಅಚ್ಚುಮನೆಯ ಕೆಲಸ ಹೇಗಿತ್ತೆಂದರೆ, ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ತಲೆಕೆಳಗಾಗಿ ಜೋಡಿಸಬೇಕು. ಕಾಗದವನ್ನು ಮೊದಲೇ ನೀರು ತಗುಲಿಸಿ ಹದ ಮಾಡಿಟ್ಟುಕೊಳ್ಳಬೇಕು. ಒಬ್ಬ ಚರ್ಮದ ಉಂಡೆಯಿಂದ ಮೊಳೆಗಳ ಮೇಲೆ ಮಸಿ ತಟ್ಟಿದರೆ ಇನ್ನೊಬ್ಬ ಯಂತ್ರದ ಸನ್ನೆಗೋಲು ಹಿಡಿದು ಮೈಯೆಲ್ಲ ಬಲ ಹಾಕಿ ಎಳೆಯುತ್ತಾನೆ. ಇಬ್ಬರು ಪಳಗಿದ ಆಳುಗಳು ಸೇರಿದರೂ ಗಂಟೆಗೆ ಇನ್ನೂರೈವತ್ತು ಹಾಳೆಯ ಆಸುಪಾಸು, ಅದೂ ಒಂದೇ ಮಗ್ಗುಲು.

ಇಷ್ಟೆಲ್ಲ ಇದ್ದರೂ ಕಾಗದವೇ ಇಲ್ಲದಿದ್ದರೆ? ಆಗಿನ ಕಾಗದ ಮರದಿಂದ ಆಗುತ್ತಿರಲಿಲ್ಲ, ನಾರುಬಟ್ಟೆಯ ಚಿಂದಿಯಿಂದ ಆಗುತ್ತಿತ್ತು. ‘ಮನೆಯಲ್ಲಿರುವ ಹರಕು ಬಟ್ಟೆ ತಂದುಕೊಡಿ, ದುಡ್ಡು ಕೊಡುತ್ತೇವೆ’ ಎಂದು ಪತ್ರಿಕೆಗಳೇ ಜಾಹೀರಾತು ಹಾಕಿಕೊಳ್ಳುತ್ತಿದ್ದ ಕಾಲ. ಯುದ್ಧ ಶುರುವಾದ ಮೇಲೆ ಇಂಗ್ಲೆಂಡಿನ ಕಾಗದವೂ ನಿಂತಿತು. ಅಷ್ಟರಲ್ಲಿ ಗ್ರೀನ್ ನ್ಯೂ ಹೇವನ್ ಊರಿಗೆ ಹೋಗಿದ್ದ. ಪತ್ರಿಕೆ ಅವನ ಸಹಾಯಕ ಎಬನೇಜರ್ ವಾಟ್ಸನ್ ಕೈಗೆ ಬಂದಿತ್ತು. ವಾಟ್ಸನ್ ಬೇರೊಬ್ಬನ ಜೊತೆ ಸೇರಿ ಕಾಗದದ ಗಿರಣಿಯನ್ನೇ ಹಾಕಿದ. 1777ರಲ್ಲಿ ವಾಟ್ಸನ್ ತೀರಿಕೊಂಡ. 1778ರ ಜನವರಿಯಲ್ಲಿ ಗಿರಣಿ ಸುಟ್ಟು ಬೂದಿಯಾಯಿತು. ಬ್ರಿಟಿಷ್ ಪರ ಇದ್ದವರೇ ಬೆಂಕಿ ಇಟ್ಟರೆಂಬ ಗುಮಾನಿ.

ಉಳಿದದ್ದು ವಾಟ್ಸನ್‌ನ ಹೆಂಡತಿ ಹ್ಯಾನಾ. ಇನ್ನೂ ಮೂವತ್ತು ತುಂಬದ ವಯಸ್ಸು, ಕೈಯಲ್ಲಿ ಪುಟ್ಟ ಮಕ್ಕಳು. ಗಿರಣಿಯ ಪಾಲುದಾರನೂ ತೀರಿಕೊಂಡಿದ್ದರಿಂದ ಅವನ ಪತ್ನಿ ಸಾರಾ ಲೆಡ್ಯಾರ್ಡ್ ಕೂಡ ಅದೇ ಸ್ಥಿತಿಯಲ್ಲಿದ್ದಳು. ಇಬ್ಬರೂ ಸೇರಿ ಶಾಸನಸಭೆಗೆ ಅರ್ಜಿ ಹಾಕಿದರು. ಸಭೆ ಲಾಟರಿ ನಡೆಸಲು ಅನುಮತಿ ಕೊಟ್ಟಿತು. ಬಂದ ಹಣದಲ್ಲಿ ಗಿರಣಿ ಮತ್ತೆ ಎದ್ದಿತು, ಪತ್ರಿಕೆ ಉಳಿಯಿತು. ‘ಎಡೆಬಿಡದೆ’ ಎಂದು ಕುರಂಟ್ ಇವತ್ತು ಎದೆ ತಟ್ಟಿ ಹೇಳಿಕೊಳ್ಳುವುದು ಈ ಇಬ್ಬರು ವಿಧವೆಯರ ದಯೆಯಿಂದ. ಸ್ಥಾಪಕ ಗ್ರೀನ್‌ಗಿಂತ ದೊಡ್ಡ ಪಾಲು ಹ್ಯಾನಾದು ಅಂತ ನನ್ನ ಲೆಕ್ಕ.

ಹ್ಯಾನಾ 1779ರಲ್ಲಿ ಬಾರ್ಜಿಲೈ ಹಡ್ಸನ್ ಎಂಬವನನ್ನು ಮದುವೆಯಾದಳು. ಅದೇ ಅಚ್ಚುಮನೆಯಲ್ಲಿ ಹುಡುಗನಾಗಿ ಕೆಲಸ ಕಲಿತ ಜಾರ್ಜ್ ಗುಡ್‌ವಿನ್ ಪಾಲುದಾರನಾದ. ಈ ‘ಹಡ್ಸನ್ ಅಂಡ್ ಗುಡ್‌ವಿನ್’ ಹೆಸರು ಪತ್ರಿಕೆಯ ಹೊರಗೂ ಸಿಗುತ್ತದೆ. ನೋವಾ ವೆಬ್‌ಸ್ಟರ್ ಅದೇ ಸೀಮೆಯ ಮೇಷ್ಟ್ರು. ಅವನ ಕಾಗುಣಿತದ ಪುಸ್ತಕವನ್ನು 1783ರಲ್ಲಿ ಅಚ್ಚು ಹಾಕಿದ್ದು ಇವರೇ. ನೀಲಿ ರಟ್ಟಿನ ಆ ಪುಸ್ತಕ ಮುಂದಿನ ನೂರು ವರ್ಷದಲ್ಲಿ ಕೋಟಿಗಟ್ಟಲೆ ಖರ್ಚಾಯಿತು. 1796ರಲ್ಲಿ ಅಮೀಲಿಯಾ ಸಿಮ್ಮನ್ಸ್ ಬರೆದ, ಅಮೆರಿಕದವರೇ ಬರೆದ ಮೊದಲ ಅಡುಗೆ ಪುಸ್ತಕ ಅಚ್ಚಾಗಿದ್ದೂ ಇಲ್ಲೇ. ಜೋಳದ ಹಿಟ್ಟಿನ ರೊಟ್ಟಿ, ಕುಂಬಳಕಾಯಿ ಕಡುಬು, ಟರ್ಕಿ ಕೋಳಿಯ ಜೊತೆ ಕ್ರ್ಯಾನ್‌ಬೆರಿ — ಎಲ್ಲ ಅದರಲ್ಲಿವೆ.

ಕೋರ್ಟಿನಲ್ಲೂ ಇವರ ಹೆಸರು ಉಳಿದಿದೆ. ಕುರಂಟ್ ಆಗ ಅಧ್ಯಕ್ಷ ಜೆಫರ್ಸನ್‌ನ ಕಡುವಿರೋಧಿ. ‘ಸ್ಪೇನ್ ಜೊತೆಗಿನ ಒಪ್ಪಂದಕ್ಕೆ ಅನುಮತಿ ಸಿಗಲೆಂದು ನೆಪೋಲಿಯನ್ನನಿಗೆ ಗುಟ್ಟಾಗಿ 20 ಲಕ್ಷ ಡಾಲರ್ ಕೊಡಲು ಅಧ್ಯಕ್ಷ ಮತ್ತು ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸೇರಿ ಒಪ್ಪಿದ್ದಾರೆ’ ಎಂದು ಬರೆದದ್ದಕ್ಕೆ ಇಬ್ಬರ ಮೇಲೂ ಕೇಂದ್ರ ಸರ್ಕಾರದ ಮಾನಹಾನಿ ಮೊಕದ್ದಮೆ ಬಿತ್ತು. 1812ರಲ್ಲಿ ಸುಪ್ರೀಂ ಕೋರ್ಟ್, ಕಾಂಗ್ರೆಸ್ ಕಾಯ್ದೆ ಮಾಡಿ ಅಪರಾಧ ಎಂದು ಹೇಳದೆ ಇದ್ದುದಕ್ಕೆ ಫೆಡರಲ್ (ಕೇಂದ್ರದ) ನ್ಯಾಯಾಲಯಗಳು ಶಿಕ್ಷೆ ಕೊಡುವಂತಿಲ್ಲ ಎಂದಿತು. ಬರೆದದ್ದು ನಿಜವೋ ಸುಳ್ಳೋ ಎಂಬ ವಿಚಾರಕ್ಕೇ ಕೋರ್ಟ್ ಹೋಗಲಿಲ್ಲ. ಅಮೆರಿಕದ ಕಾನೂನು ವಿದ್ಯಾರ್ಥಿಗಳು ಈ ತೀರ್ಪನ್ನು ಈಗಲೂ ಓದುತ್ತಾರೆ.

ಇನ್ನೊಂದು ಮಗ್ಗುಲೂ ಇದೆ. ಕನೆಟಿಕಟ್‌ನಲ್ಲಿ ಗುಲಾಮಗಿರಿ ಪೂರ್ತಿ ಹೋಗಿದ್ದು 1848ರಲ್ಲಿ. ಅದಕ್ಕೆ ಮೊದಲು ದಶಕಗಟ್ಟಲೆ ಈ ಪತ್ರಿಕೆ ಗುಲಾಮರ ಮಾರಾಟದ, ಓಡಿಹೋದವರನ್ನು ಹಿಡಿದುಕೊಟ್ಟರೆ ಬಹುಮಾನ ಎಂಬ ಜಾಹೀರಾತುಗಳಿಂದ ದುಡ್ಡು ಮಾಡಿತ್ತು. 2000ದಲ್ಲಿ ಹಾರ್ಟ್‌ಫರ್ಡ್‌ನದೇ ವಿಮಾ ಕಂಪನಿ ಏಟ್ನಾ, ಹಿಂದೆ ಗುಲಾಮರ ಮೇಲೆ ಮಾಲೀಕರಿಗೆ ಪಾಲಿಸಿ ಮಾರಿದ್ದಕ್ಕೆ ಕ್ಷಮೆ ಕೇಳಿತು. ಅದರ ಸುದ್ದಿ ಬರೆದ ಕುರಂಟ್ ಆಮೇಲೆ ತನ್ನ ಹಳೆಯ ಪುಟಗಳನ್ನೂ ತಿರುವಿ ನೋಡಿ, ಅದೇ ವರ್ಷ ಜುಲೈ 4ರಂದು ಆ ಜಾಹೀರಾತುಗಳ ಕಥೆಯನ್ನು ತಾನೇ ಪ್ರಕಟಿಸಿ ಕ್ಷಮೆ ಕೇಳಿತು. ಸ್ವಾತಂತ್ರ್ಯ ದಿನವನ್ನೇ ಆರಿಸಿದ್ದು ಸರಿಯಾಗಿಯೇ ಇತ್ತು.

ಇವತ್ತಿನ ಸ್ಥಿತಿ ಅಷ್ಟಕ್ಕಷ್ಟೆ. ವಿಮಾ ಕಂಪನಿಗಳ ಸಾಫ್ಟ್‌ವೇರ್ ಕೆಲಸಕ್ಕೆಂದು ಹೋಗಿ ಹಾರ್ಟ್‌ಫರ್ಡ್ ಸುತ್ತ ನೆಲೆಸಿದ ನಮ್ಮವರಿಗೆ ಇದು ಗೊತ್ತಿರಬಹುದು. 2020ರಲ್ಲಿ ಮುದ್ರಣ ಪಕ್ಕದ ರಾಜ್ಯ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ಗೆ ಹೋಯಿತು. ಅದೇ ವರ್ಷದ ಕೊನೆಗೆ ಹಾರ್ಟ್‌ಫರ್ಡ್‌ನ ಬ್ರಾಡ್ ಸ್ಟ್ರೀಟ್‌ನಲ್ಲಿದ್ದ ಸುದ್ದಿಮನೆಗೂ ಬೀಗ ಬಿತ್ತು. 2021ರಲ್ಲಿ ಆಲ್ಡನ್ ಗ್ಲೋಬಲ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆ ಮಾಲೀಕತ್ವ ಪಡೆಯಿತು. ‘ಎಡೆಬಿಡದೆ’ ಎಂಬ ಷರತ್ತು ಈಗಲೂ ಮುರಿದಿಲ್ಲ, ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಬದಲಾಗುವುದಿಲ್ಲ. ಆದರೆ ಊರಿನ ಹೆಸರು ಹೊತ್ತ ಪತ್ರಿಕೆಯ ಅಚ್ಚು ಆ ಊರಿನಲ್ಲಿ ಆಗುತ್ತಿಲ್ಲ.

ಹಳೆಯ ಸಂಚಿಕೆ ಕಣ್ಣಾರೆ ನೋಡಬೇಕೆನ್ನುವವರಿಗೆ: 1764ರಿಂದಿನ ಪುಟಗಳು ಪ್ರೋಕ್ವೆಸ್ಟ್‌ನ ಡಿಜಿಟಲ್ ಸಂಗ್ರಹದಲ್ಲಿವೆ, ಅದಕ್ಕೆ ಚಂದಾ ಕಟ್ಟಿರುವ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೇಳಿ. ಮೊದಲ ಪುಟ ಬಿಟ್ಟು ಜಾಹೀರಾತುಗಳಿಂದ ಶುರು ಮಾಡಿ. ಮೊದಲ ಪುಟದಲ್ಲಿ ತಿಂಗಳುಗಟ್ಟಲೆ ಹಳೆಯದಾದ ಲಂಡನ್ ಸುದ್ದಿಯೇ ಹೆಚ್ಚು. ಕನೆಟಿಕಟ್ ಜನ ಏನು ಕೊಂಡರು, ಏನು ಮಾರಿದರು, ಯಾರನ್ನು ಹುಡುಕುತ್ತಿದ್ದರು ಎಂಬುದೆಲ್ಲ ಆ ಸಣ್ಣ ಅಕ್ಷರಗಳಲ್ಲಿದೆ.